ಪಂಚಮಿಯ ಪೂರಿ

ನಮ್ಮ ಮನೆಯ ಡಾಕ್ಟರರು ಆಸ್ಪತ್ರೆಯಿಂದ ಬಂದರೆ ಮುಂಬಾಗಿಲಿಗೆ ಬರುವಂತಿಲ್ಲ. ಹಿತ್ತಲ ಬಾಗಿಲಿಗೆ ಬರಬೇಕು, ಬಟ್ಟೆ ಅಲ್ಲೇ ಕಳಚಿ ಬಕೆಟ್ಟಿಗೆ ಹಾಕಬೇಕು, ತಲೆಯ ಮೇಲೆ ನೀರು ಸುರಿದುಕೊಂಡ ಮೇಲೆಯೇ ಒಳಗೆ ಕಾಲಿಡಬೇಕು. ಇದು ನನ್ನ ಅತ್ತೆಯ ಕಾಯಿದೆ. ಅವರನ್ನು ಮನೆಯಲ್ಲಿ ಎಲ್ಲರೂ ಆಯಿ ಅನ್ನುತ್ತೇವೆ. ಮಗ ಡಾಕ್ಟರನಾದನೆಂದು ಸಾತಾರೆಯ ಮಂಗಳವಾರ ಪೇಟೆಗೆಲ್ಲ ಪೇಢೆ ಹಂಚಿದ ಹೆಂಗಸು, ಅವನ ಕೆಲಸ ಹೆಣ ಕೊಯ್ಯುವುದು ಎಂದು ತಿಳಿದ ದಿನ ಊಟ ಬಿಟ್ಟು ಮಲಗಿದ್ದರಂತೆ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಸಿಟ್ಟು ಇಳಿದಿತ್ತು, ಬಕೆಟ್ಟು ಮಾತ್ರ ಉಳಿದಿತ್ತು.

ನನ್ನ ಗಂಡ ರಮಾಕಾಂತರು ಕೆಟ್ಟವರಲ್ಲ. ಆದರೆ ಅವರಿಗೆ ಬದುಕಿದವರ ಜೊತೆ ಮಾತಾಡಲು ವಿಷಯ ಕಡಿಮೆ. ಆ ವರ್ಷ ಪುಣೆಯಲ್ಲಿ ಡಾಕ್ಟರರ ಸಭೆ ಇತ್ತು, ಅದರಲ್ಲಿ ಇವರದೊಂದು ಭಾಷಣ. ಹಾಗಾಗಿ ಊಟದ ಹೊತ್ತಿಗೆ ದಿನವೂ ಅದೇ ಪಾರಾಯಣ.

"ನೋಡು ಸುಲಭಾ, ಗಂಡಸರು ನನ್ನ ಕಡೆ ಬರೋದು ರಸ್ತಾದಿಂದ, ಹೊಲದಿಂದ, ಶೆರೆ ಅಂಗಡಿಯಿಂದ. ಹೆಂಗಸರು ಬರೋದು ಅಡಗಿಮನಿಯಿಂದ, ಇಲ್ಲಾ ಬಾವಿಯಿಂದ. ಗಂಡಸು ಹೊರಗ ಸಾಯ್ತಾನ, ಹೆಂಗಸು ಒಳಗ."

"ಒಳಗ ಕೂತು ಅನ್ನ ಉಣ್ಣಲಿಕ್ಕೆ ಹತ್ತೀರಲ್ಲ, ಸುಮ್ಮನ ಉಣ್ರಿ," ಎಂದು ನಾನು ಸಾರು ಬಡಿಸುತ್ತಿದ್ದೆ.

"ಎಲಿ ಮುಂದ ಹೆಣದ ಮಾತು ಬ್ಯಾಡಂದ್ರ ಬ್ಯಾಡ," ಎಂದು ಆಯಿ ಗದರುತ್ತಿದ್ದರು. ಅಲ್ಲಿಗೆ ಪಾರಾಯಣ ಮುಗಿಯುತ್ತಿತ್ತು.

ಅದು ಅಧಿಕ ಮಾಸ ಬಂದ ವರ್ಷ. ಅಧಿಕ ಮಾಸವೆಂದರೆ ನಮ್ಮಲ್ಲಿ ಅಳಿಯನ ತಿಂಗಳು. ಅವನನ್ನು ಕರೆದು ಕೂರಿಸಿ, ಹೂರಣ ತುಂಬಿದ ಧೋಂಡೆ ಮಾಡಿ ಬಡಿಸಿ, ತಟ್ಟೆಯಲ್ಲಿ ಅಕ್ಕಿ ಬೆಲ್ಲದ ಅನಾರಸೆ ಜೋಡಿಸಿ ಮೇಲೆ ದೀಪ ಇಟ್ಟು ಕೈಗೆ ಕೊಡಬೇಕು. ಆಯಿಗೆ ಇರುವುದು ಒಬ್ಬಳೇ ಮಗಳು, ಛಾಯಾ. ನನ್ನ ನಾದಿನಿ. ಕೋರೇಗಾಂವಕ್ಕೆ ಕೊಟ್ಟಿದ್ದರು. ಅವಳ ಗಂಡ ನಂದಕುಮಾರನದು ಪಂಪುಸೆಟ್ಟಿನ ಬಿಡಿಭಾಗಗಳ ಅಂಗಡಿ. ಒಂದು ಹೆಣ್ಣುಮಗು, ಚಿಮಿ. ಅದರ ಹೆರಿಗೆಯಲ್ಲಿ ಛಾಯಾ ಬದುಕಿದ್ದೇ ಹೆಚ್ಚು, ಗರ್ಭಚೀಲ ತೆಗೆದೇ ಬಿಟ್ಟಿದ್ದರು. ಅಂದಿನಿಂದ ಅವಳ ಅತ್ತೆ ಸಿಂಧುಬಾಯಿಯ ಬಾಯಲ್ಲಿ "ನಮ್ಮ ವಂಶ" ಅನ್ನುವ ಮಾತು ಹೆಚ್ಚಾಗಿತ್ತು.

ಅಳಿಯ, ಮಗಳು, ಮೊಮ್ಮಗಳ ಜೊತೆ ಸಿಂಧುಬಾಯಿಯೂ ಬಂದರು. ವ್ರತ ನೇಮದಲ್ಲಿ ಎತ್ತಿದ ಕೈ. ಏಕಾದಶಿ ಬಿಟ್ಟವರಲ್ಲ, ಚತುರ್ಥಿಯ ದಿನ ಚಂದ್ರನನ್ನು ನೋಡದೆ ಅನ್ನ ಮುಟ್ಟಿದವರಲ್ಲ. ಮಗನ ಮೇಲಿನ ಹೆಮ್ಮೆಯೂ ಅಷ್ಟೇ.

"ನನ್ನ ನಂದೂಗ ನೀರಿನ ಕೊಡ ಎಲ್ಲದ ಅನ್ನೋದೂ ಗೊತ್ತಿಲ್ಲ," ಎಂದು ಕುಳಿತ ಕೂಡಲೇ ಹೇಳಿದರು. "ಅಡಗಿಮನಿ ಹೊಸ್ತಿಲಾ ದಾಟಿದ್ರ ಕೇಳ್ರಿ."

"ನಮ್ಮವರೂ ಹಂಗೇ. ಆದ್ರ ಅದನ್ನ ನಾವು ಯಾರಿಗೂ ಹೇಳೂದಿಲ್ಲ," ಅಂದೆ ನಾನು. ಛಾಯಾ ನಗಲಿಲ್ಲ. ಯಾವಾಗಲೂ ನಗುವವಳು. ಆಗಲೇ ನನಗೆ ಏನೋ ಸರಿಯಿಲ್ಲ ಅನ್ನಿಸಿತು.

ಊಟಕ್ಕೆ ಕುಳಿತಾಗ ಸಿಂಧುಬಾಯಿ ತುಪ್ಪ ಹಾಕಿಸಿಕೊಳ್ಳುತ್ತ ಕೇಳಿದರು: "ಡಾಕ್ಟರಸಾಹೇಬ್ರ, ನಿಮಗೊಂದು ಕೇಳಬೇಕಾಗಿತ್ತು. ನಮ್ಮ ಓಣ್ಯಾಗ ಒಬ್ಬಾಕಿ ಬಾವಿಗೆ ಬಿದ್ಲು. ಪೊಲೀಸರು ಬಂದ್ರು, ಸರಿ. ತಹಶೀಲ್ದಾರರು ಯಾಕ ಬಂದಿದ್ರು?"

ನಮ್ಮವರ ಮುಖ ಅರಳಿತು. ಈ ಮನೆಯಲ್ಲಿ ಇಂಥ ಪ್ರಶ್ನೆ ಕೇಳಿದವರೇ ಇಲ್ಲವಲ್ಲ.

"ಆಕಿ ಮದಿವಿ ಆಗಿ ಏಳು ವರ್ಷ ತುಂಬಿರಲಿಕ್ಕಿಲ್ಲ."

"ಹೌದು, ನಾಕೈದು ಆಗಿರಬೇಕು."

"ಅದಕ್ಕ. ಏಳು ವರ್ಷದೊಳಗ ಹೆಣ್ಣಮಗಳು ಹಿಂಗ ಸತ್ರ ತಹಶೀಲ್ದಾರರೇ ಬಂದು ಪಂಚನಾಮೆ ಮಾಡಬೇಕು. ಇಬ್ಬರು ಡಾಕ್ಟರ್ ಹೆಣ ನೋಡಬೇಕು. ಮೊದಲ ಸಂಶಯ ಗಂಡನ ಮನಿ ಮ್ಯಾಲೆ."

"ಏಳು ತುಂಬಿದ ಮ್ಯಾಲೆ?"

"ಆಮ್ಯಾಲೇನದ, ಹವಾಲ್ದಾರ ಬಂದು ಚಹಾ ಕುಡದು ಹೋಗ್ತಾನ," ಎಂದು ಇವರು ನಕ್ಕರು.

"ಹಂಗೇನು," ಅಂದರು ಸಿಂಧುಬಾಯಿ. "ಸುಲಭಾತಾಯಿ, ಇನ್ನೊಂದು ಧೋಂಡೆ ಹಾಕ್ರಿ. ಹೂರಣ ಛಲೋ ಆಗೇದ."

ಅಷ್ಟಕ್ಕೆ ನಿಲ್ಲಲಿಲ್ಲ. ನಂದಕುಮಾರ ತಲೆ ಎತ್ತದೆಯೇ ಕೇಳಿದ, ಸುಟ್ಟವರಲ್ಲಿ ಕೆಲವರು ಉಳಿಯುತ್ತಾರೆ, ಕೆಲವರು ಉಳಿಯುವುದಿಲ್ಲ, ಅದು ಹೇಗೆ ಎಂದು. ನಮ್ಮವರು ನೂಲಿನ ಸೀರೆಯಾದರೆ ಕಂಬಳಿ ಹೊದಿಸಿ ಆರಿಸಬಹುದು, ನಾಯ್ಲಾನ್ ಆದರೆ ಮೈಗೆ ಅಂಟಿಬಿಡುತ್ತದೆ, ಯಾರೂ ಏನೂ ಮಾಡಲಾಗುವುದಿಲ್ಲ ಎಂದು ಮಕ್ಕಳಿಗೆ ಪಾಠ ಹೇಳುವಂತೆ ಹೇಳಿದರು. ಆಯಿ ಎರಡು ಸಲ ಗದರಿದರು. ಅಳಿಯನ ಮುಂದೆ ಮೂರನೆಯ ಸಲ ಗದರುವುದು ಚೆನ್ನಾಗಿರುವುದಿಲ್ಲವೆಂದು ಸುಮ್ಮನಾದರು. ಛಾಯಾ ಎಲೆಯ ಮೇಲಿನ ಅನ್ನವನ್ನು ಬೆರಳಿನಿಂದ ಬದಿಗೆ ಸರಿಸುತ್ತಿದ್ದಳು. ಅವಳ ಮದುವೆಯ ಏಳು ವರ್ಷ ಅದೇ ಮಳೆಗಾಲದಲ್ಲಿ ತುಂಬುವುದಿತ್ತು. ಆ ಸಾಲಿನಲ್ಲಿ ಅದನ್ನು ನೆನೆದವರು ಎಷ್ಟು ಮಂದಿಯೋ, ನಾನಂತೂ ನೆನೆದೆ.

ಊಟವಾದ ಮೇಲೆ ಪಾತ್ರೆ ತೊಳೆಯುವ ನೆಪದಲ್ಲಿ ಛಾಯಾ ನನ್ನ ಪಕ್ಕಕ್ಕೆ ಬಂದು ಕುಳಿತಳು. ಅತ್ತಿಗೆಯಾದ ನನ್ನನ್ನು ಅವಳು ವಹಿನಿ ಅನ್ನುತ್ತಾಳೆ.

"ವಹಿನಿ, ನಮ್ಮನ್ಯಾಗ ಗ್ಯಾಸ್ ಅದ, ಗೊತ್ತಲ್ಲ?"

"ಗೊತ್ತು. ಎರಡು ಸಿಲಿಂಡರ್ ಅದಾವಂತ ನಿಮ್ಮತ್ತಿ ಊರಿಗೆಲ್ಲ ಹೇಳ್ಯಾರ."

"ಮೊನ್ನೆ ಸ್ಟೋ ತಂದಾರ. ಪಂಪ್ ಹೊಡಿಯೋದು. ಹೊಸಾದು."

ನನ್ನ ಕೈಯಲ್ಲಿದ್ದ ಪಾತ್ರೆ ನೀರಿನಲ್ಲೇ ನಿಂತಿತು.

"ಯಾಕಂತ?"

"ಕೇಳಿದೆ. ಸ್ನಾನದ ನೀರಿಗೆ ಅಂದ್ರು. ಒಂದು ದಿನಾನೂ ಹಚ್ಚಿಲ್ಲ. ಅಟ್ಟದ ಮ್ಯಾಲೆ ಇಟ್ಟಾರ. ದಿನಾ ಮುಂಜಾನೆ ನಾ ಅಟ್ಟ ನೋಡ್ತೀನಿ, ಅಲ್ಲೇ ಅದ ಇಲ್ಲೋ ಅಂತ." ಸ್ವಲ್ಪ ಹೊತ್ತು ಬೂದಿಯಿಂದ ಒಂದೇ ತಟ್ಟೆಯನ್ನು ತಿಕ್ಕುತ್ತಿದ್ದಳು. "ವಹಿನಿ, ನಾಳೆ ನಾ ಆಸ್ಪತ್ರ್ಯಾಗ ಬಿದ್ದು, ಸ್ಟೋ ಭಡಕಾ ಹೊಡೀತು ಅಂತ ನನ್ನ ಬಾಯಿಲೇ ಹೇಳಿದ್ರೂ ನೀವು ನಂಬಬ್ಯಾಡ್ರಿ."

"ಹುಚ್ಚೀ, ನೀ ಯಾಕ ಹಂಗ ಹೇಳ್ತಿ?"

"ಚಿಮಿ ಅವರ ಕಡೆ ಇರ್ತದಲ್ಲ. ಎಲ್ಲಾರೂ ಅದಕ್ಕ ಹೇಳ್ತಾರ."

ಭಡಕಾ. ಸ್ಟೋವಿನ ಬೆಂಕಿ ಒಮ್ಮೆಲೇ ಭುಗಿಲೆದ್ದಿತು ಎನ್ನಲು ನಮ್ಮ ಸೀಮೆಯ ಮಾತು. ಇವರು ಊಟಕ್ಕೆ ಕುಳಿತಾಗ ವಾರಕ್ಕೊಮ್ಮೆಯಾದರೂ ನಾನು ಅದನ್ನು ಕೇಳಿದ್ದೆ. ಆ ದಿನ ಅದು ಮನೆಯ ಹುಡುಗಿಯ ಬಾಯಿಂದ ಬಂತು.

ಅವರು ಸಂಜೆಯ ಬಸ್ಸಿಗೆ ಹೊರಟರು. ಛಾಯಾಳನ್ನು ಇಟ್ಟುಕೊಳ್ಳೋಣವೆಂದು ನಾನು ಆಯಿಯನ್ನು ದೇವರ ಕೋಣೆಗೆ ಕರೆದು ಕೇಳಿಕೊಂಡೆ. ಸ್ಟೋವಿನ ಮಾತು ಹೇಳಿದೆ.

"ಸ್ಟೋ ಯಾರ ಮನ್ಯಾಗಿಲ್ಲ?" ಅಂದರು ಆಯಿ. "ಗ್ಯಾಸ್ ಬರೋದು ತಡಾ ಆಗ್ತದ. ನಮ್ಮ ಮನ್ಯಾಗೂ ಒಂದದ."

"ನಮ್ಮದು ಹಳೇದು ಆಯಿ, ಅದರ ಮ್ಯಾಲೆ ಮಸಿ ಅದ."

"ಅಧಿಕ ಮಾಸಕ್ಕ ಕರದು ಉಡಿ ತುಂಬಿ, ಮಗಳನ್ನ ಹಿಂದ ಹಿಡಕೋತಾರೇನು? ಜನ ಏನಂತಾರ? ಆಕಿ ಸಣ್ಣಾಕಿದ್ದಾಗಿಂದಾನೂ ಅಂಜುಬುರುಕಿ. ಬೆಕ್ಕು ಕಂಡ್ರೂ ಹೆದರ್ತಿದ್ಲು."

ಬಸ್ಸು ಹೊರಟಾಗ ಛಾಯಾ ಕಿಟಕಿಯಿಂದ ಕೈ ಬೀಸಲಿಲ್ಲ. ಮಡಿಲಲ್ಲಿ ಚಿಮಿ ನಿದ್ದೆ ಮಾಡುತ್ತಿತ್ತು, ಅದರ ಕೈಯಲ್ಲಿ ಅರ್ಧ ತಿಂದ ಅನಾರಸೆ.

ಅಂದಿನಿಂದ ನಮ್ಮ ಮನೆಯಲ್ಲಿ ಜಗಳ ಬಿಟ್ಟು ಬೇರೆ ಮಾತಿಲ್ಲ. ನಾನು ಗಂಡನ ಬೆನ್ನು ಬಿದ್ದೆ.

"ನೀವು ಹೋಗಿ ಮಾತಾಡ್ರಿ."

"ಏನಂತ ಮಾತಾಡ್ಲಿ? ಯಾಕ ಸ್ಟೋ ತಂದ್ರಿ ಅಂತನಾ? ಸ್ಟೋ ತರೋದು ಅಪರಾಧ ಅಲ್ಲ ಸುಲಭಾ. ಪುರಾವೆ ಬೇಕು."

"ಎಲ್ಲಾ ಕಲಿಸಿ ಕೊಟ್ಟೀರಿ ಅವರಿಗೆ, ಧೋಂಡೆ ತಿನಿಸಿ. ಏಳು ವರ್ಷದ್ದು ಹೇಳಿದ್ರಿ, ಸೀರಿದು ಹೇಳಿದ್ರಿ."

"ಅವರು ಸುಮ್ಮನ ಕೇಳಿದ್ರು. ಜನ ಕೇಳ್ತಾರ."

"ನಿಮ್ಮನ್ನ ಯಾವ ಜನ ಕೇಳ್ತಾರ? ನಾ ಕೇಳೀನೇನು, ಆಯಿ ಕೇಳ್ಯಾರೇನು?"

ಅವರು ಎದ್ದು ಹೋಗಿ ಪುಣೆಯ ಭಾಷಣ ಬರೆಯುತ್ತ ಕುಳಿತರು. ಒಂದು ದಿನ ಮಾತ್ರ ಹಿತ್ತಲಲ್ಲಿ ಸ್ನಾನ ಮುಗಿಸಿ ಬಂದವರು ಊಟಕ್ಕೆ ಬರಲಿಲ್ಲ. ಏನಾಯಿತೆಂದು ಕೇಳಿದೆ. ಯಾರೋ ಒಬ್ಬಳು ಬಂದಿದ್ದಳಂತೆ, ಇಪ್ಪತ್ತೈದರ ಆಚೀಚೆ, ಭಡಕಾ. ಮುಖ ನೋಡಿದಾಗ ಒಂದು ಕ್ಷಣ ಛಾಯಾ ಅನ್ನಿಸಿತಂತೆ. "ಛಾಯಾ ಅಲ್ಲ," ಎಂದು ನನಗೆ ಎರಡು ಸಲ ಹೇಳಿದರು, ನಾನು ಕೇಳದಿದ್ದರೂ. ಆ ದಿನ ನನಗೆ ಗೊತ್ತಾಯಿತು, ಹೆದರಿಕೆ ಇವರಿಗೂ ಹತ್ತಿದೆ, ಪುರಾವೆ ಪುರಾವೆ ಎನ್ನುವುದು ಅದನ್ನು ಮುಚ್ಚಿಕೊಳ್ಳುವ ಹೊದಿಕೆ.

ಅಧಿಕ ಹೋಗಿ ನಿಜ ಆಷಾಢ ಬಂತು. ಛಾಯಾಳ ಮದುವೆಗೆ ಏಳು ವರ್ಷ ತುಂಬಿತು. ಏಕಾದಶಿಗೆ ಸಾಬೂದಾಣೆ ಖಿಚಡಿ ಮಾಡಿದೆವು, ದೀವಳಿಗೆಗಿಂತ ಮುಂಚೆ ಮನೆ ಸುಣ್ಣ ಕಾಣಬೇಕೆಂದು ಆಯಿ ಹೇಳಿದರು, ಬಿಸಿಲು ಬಿದ್ದ ದಿನ ಬೇಳೆ ಒಣಗಲು ಹಾಕಿದೆವು. ಟೆಲಿಫೋನು ಗಂಟೆ ಹೊಡೆದಾಗಲೆಲ್ಲ ನಾನು ಕೈ ಒರೆಸಿಕೊಂಡು ಓಡುತ್ತಿದ್ದೆ, ಎತ್ತಲು ಹೆದರುತ್ತಿದ್ದೆ. ಛಾಯಾ ಪಕ್ಕದ ಮನೆಯವರ ಫೋನಿನಿಂದ ಒಮ್ಮೆ ಮಾತಾಡಿದಳು.

"ವಹಿನಿ, ಅತ್ತೆಬಾಯಿ ಪಂಚಮಿಗೆ ನನಗ ಸೀರಿ ತಂದಾರ."

"ಹೌದಾ? ಎಂದೂ ಇಲ್ಲದ್ದು. ಎಂಥಾದ್ದು?"

"ನಾಯ್ಲಾನ್. ಗುಲಾಬಿ ಹೂವಿಂದು. ಪಂಚಮಿ ದಿನಾ ಉಡಲೇಬೇಕಂತ."

ಅವಳ ಹಿಂದೆ ಯಾರೋ ಬಂದಿರಬೇಕು, "ಎಲ್ಲಾರೂ ಆರಾಮ ಇದ್ದೀವಿ" ಎಂದು ಇಟ್ಟುಬಿಟ್ಟಳು. ನಾನು ಫೋನು ಇಟ್ಟು ನೇರ ಆಯಿಯ ಹತ್ತಿರ ಹೋಗಿ ಸೀರೆಯ ಮಾತು ಹೇಳಿದೆ.

ಈ ಸಲ ಆಯಿ ಗದರಲಿಲ್ಲ. ಆದರೆ ಸೋಲಲೂ ಇಲ್ಲ. "ಪಂಚಮಿ ಬಂತಲ್ಲ," ಅಂದರು. "ರಮಾಕಾಂತ ಮುರಾಳಿ ಆಗಿ ಹೋಗಿ ಕರಕೊಂಡು ಬರ್ತಾನ. ಬಂದ ಮ್ಯಾಲೆ ಕೂಡಿಸಿಕೊಂಡು ಕೇಳೋಣು. ಹಬ್ಬಕ್ಕ ಬಂದಾಕಿ ನಾಕು ದಿನ ಹೆಚ್ಚಿಗಿ ಇದ್ರ ಯಾರೂ ಏನೂ ಅನ್ನೂದಿಲ್ಲ."

ನಾಗಪಂಚಮಿಗೆ ಅಣ್ಣನೋ ತಮ್ಮನೋ ಹೋಗಿ ಹೆಣ್ಣುಮಗಳನ್ನು ತವರಿಗೆ ಕರೆತರುತ್ತಾನೆ. ಹಾಗೆ ಹೋಗುವವನೇ ಮುರಾಳಿ. ಮುರಾಳಿ ಬಂದರೆ ಯಾವ ಅತ್ತೆಯೂ ಇಲ್ಲ ಅನ್ನುವುದಿಲ್ಲ. ಅಂದರೆ ಊರು ನಗುತ್ತದೆ. ಆಯಿಯ ಲೆಕ್ಕ ಅದಾಗಿತ್ತು, ಒಳ್ಳೆಯ ಲೆಕ್ಕವೇ. ಪಂಚಮಿಗೆ ಮೊದಲೇ ಹೋಗಿ ಬನ್ನಿರೆಂದು ನಾನು ಇವರಿಗೆ ಹೇಳಿದೆ. ಆಸ್ಪತ್ರೆಯಲ್ಲಿ ರಜೆ ಸಿಗಲಿಲ್ಲ. ಹಬ್ಬದ ದಿನವೇ ಬೆಳಿಗ್ಗೆ ಹೊರಡುವುದೆಂದಾಯಿತು.

ಪಂಚಮಿಯ ದಿನ ನಮ್ಮಲ್ಲಿ ಈಳಿಗೆ ಮುಟ್ಟುವುದಿಲ್ಲ. ಒಲೆಗೆ ತವೆ ಇಡುವುದಿಲ್ಲ, ಏನನ್ನೂ ಕರಿಯುವುದಿಲ್ಲ. ಅಂದು ಎಲ್ಲವೂ ಆವಿಯಲ್ಲಿ ಬೇಯಬೇಕು. ನಾನು ಹೂರಣ ತುಂಬಿ ಮಡಿಚಿದ ದಿಂಡಗಳನ್ನು ಅರಿಸಿನದ ಎಲೆಯ ಮೇಲೆ ಜೋಡಿಸುತ್ತಿದ್ದೆ. ಆಯಿ ಗೋಡೆಯ ಮೇಲೆ ಬರೆದ ನಾಗನ ಮುಂದೆ ಕುಳಿತು ಗೆಜ್ಜೆವಸ್ತ್ರಕ್ಕೆ ಹತ್ತಿ ಹೊಸೆಯುತ್ತಿದ್ದರು. ಇವರು ಹೊಸ ಅಂಗಿ ಹಾಕಿಕೊಂಡು ಚಪ್ಪಲಿ ಹುಡುಕುತ್ತಿದ್ದಾಗ ಟೆಲಿಫೋನು ಗಂಟೆ ಹೊಡೆಯಿತು. ಇವರೇ ಎತ್ತಿದರು.

"ಹಾಂ, ನಂದಕುಮಾರ... ಹೊರಟೇ ಇದ್ದೀನಿ... ಹೌದೇನು?... ಇರಲಿ, ಹಂಗಾದ್ರ ನಾಡದು ಬರ್ತೀನಿ."

ಇಟ್ಟು ಬಂದು ಜಗಲಿಯ ಮೇಲೆ ಕುಳಿತರು. ಮುಖದ ಮೇಲೆ ಸ್ವಲ್ಪ ನಿರಾಳವೂ ಇತ್ತೆಂದು ಹೇಳಬೇಕು, ಸುಳ್ಳು ಯಾಕೆ.

"ಇವತ್ತು ಬರಬ್ಯಾಡ್ರಿ ಅಂದ. ಮಂದಿ ಊಟಕ್ಕ ಬರೋರಿದ್ದಾರಂತ. ಛಾಯಾ ಪೂರಿ ಕರೀಲಿಕ್ಕೆ ಕೂತಾಳಂತ, ಬಿಡುವಿಲ್ಲಂತ."

ನಾನು ದಿಂಡದ ಪಾತ್ರೆಯ ಮುಚ್ಚಳ ಹಾಕುತ್ತಿದ್ದೆ. ಮಂದಿಯ ಮಾತಿನ ಮೇಲೇ ನನ್ನ ಲಕ್ಷ್ಯ ಹೋಯಿತು. ಯಾರ ಮಂದಿ, ಎಲ್ಲಿಯ ಮಂದಿ ಎಂದು. ಆಯಿಯ ಕೈಯಲ್ಲಿ ಹತ್ತಿ ನಿಂತಿತು.

"ಏನು ಕರೀಲಿಕ್ಕೆ?"

"ಪೂರಿ."

"ಇವತ್ತಾ?"

"ಇವತ್ತೇ ಅಂದ."

ಆಯಿ ಎದ್ದರು. ಹತ್ತಿ ನೆಲಕ್ಕೆ ಬಿತ್ತು. "ರಮಾಕಾಂತ, ಇವತ್ತು ಪಂಚಮಿ. ಸಿಂಧೂನ ಮನ್ಯಾಗ ಇವತ್ತು ಎಣ್ಣಿ ಕಡಾಯಿ ಒಲಿ ಮ್ಯಾಲೆ ಏರೋದು ಶಕ್ಯನ ಇಲ್ಲ. ನೀ ಹೆಣಾ ಕೊಯ್ಯೋ ಡಾಕ್ಟರ್ ಅದಿ, ನಿನಗ ಇಷ್ಟು ತಿಳೀಲಿಲ್ಲೇನು?"

ಇವರು ಆಯಿಯ ಮುಖ ನೋಡಿದರು, ನನ್ನ ಮುಖ ನೋಡಿದರು. ಪಂಚಮಿಗೆ ಕರಿಯುವುದಿಲ್ಲ ಅನ್ನುವುದು ಇವರಿಗೆ ತಿಳಿದಿರಲೇ ಇಲ್ಲ. ಹುಟ್ಟಿದಾಗಿನಿಂದ ಪ್ರತಿ ವರ್ಷ ದಿಂಡ ತಿಂದಿದ್ದರು, ಯಾಕೆ ದಿಂಡ ಎಂದು ಒಮ್ಮೆಯೂ ಕೇಳಿರಲಿಲ್ಲ. ನಂದಕುಮಾರನೂ ಕೇಳಿರಲಿಲ್ಲ. ನೀರಿನ ಕೊಡ ಎಲ್ಲಿದೆಯೆಂದು ಗೊತ್ತಿಲ್ಲದವನಿಗೆ ಯಾವ ದಿನ ಏನು ಬೇಯುತ್ತದೆ ಅನ್ನುವುದು ಗೊತ್ತಿರುವುದಾದರೂ ಹೇಗೆ? ಸುಳ್ಳು ಹೇಳಲು ಒಂದು ಅಡುಗೆ ಬೇಕಿತ್ತು, ಬಾಯಿಗೆ ಬಂದದ್ದು ಹೇಳಿದ.

"ಇನ್ನೂ ಆಗಿಲ್ಲ," ಅಂದೆ ನಾನು. ನನ್ನ ದನಿ ನನಗೇ ಬೇರೆಯವರದಂತೆ ಕೇಳಿಸಿತು. "ಆಗಿದ್ರ ಕರೀತಿದ್ಲು ಅಂತಿದ್ದ. ಕೂತಾಳ ಅಂದ."

ಆಯಿ ಉಟ್ಟ ಒಂಬತ್ತು ಗಜದ ಸೀರೆಯಲ್ಲೇ ಬೀದಿಗಿಳಿದರು. ಎದುರು ಮನೆಯ ಬಾಳಾಸಾಹೇಬರ ಜೀಪು ನಿಂತಿತ್ತು, ಅವರನ್ನೇ ಕರೆದು ಹತ್ತಿ ಕುಳಿತರು. ಹೆಂಗಸರು ಮುರಾಳಿಯಾಗಿ ಹೋದದ್ದನ್ನು ನಮ್ಮ ಪೇಟೆ ಕಂಡಿರಲಿಲ್ಲ, ಅಂದು ಕಂಡಿತು. ಗ್ಯಾಸ್ ಆರಿಸಿ ನಾನೂ ಹತ್ತಿದೆ. ದಾರಿಯುದ್ದಕ್ಕೂ ಜೋಕಾಲಿಗಳು, ಹೊಸ ಬಳೆ ತೊಟ್ಟ ಹುಡುಗಿಯರು. ಇವರು ಬಾಳಾಸಾಹೇಬರಿಗೆ ಬೇಗ ಬೇಗ ಅನ್ನುತ್ತಿದ್ದರು. ಹೆಣದ ಕಡೆಗೆ ಯಾರೂ ಬೇಗ ಬೇಗ ಹೋಗುವುದಿಲ್ಲವಲ್ಲ, ಇವರ ಬಾಯಲ್ಲಿ ನಾನು ಆ ಮಾತು ಕೇಳಿದ್ದು ಅದೇ ಮೊದಲು. ನಾನು ಕಣ್ಣು ಮುಚ್ಚಿದರೆ ಗುಲಾಬಿ ಹೂವಿನ ಸೀರೆ ಕಾಣುತ್ತಿತ್ತು, ತೆರೆದುಕೊಂಡೇ ಕುಳಿತೆ.

ನಂದಕುಮಾರ ಪಡಸಾಲೆಯಲ್ಲಿ ಕುಳಿತಿದ್ದ. ನಮ್ಮನ್ನು ಕಂಡು ಎದ್ದು ನಿಂತವನಿಗೆ ಬನ್ನಿ ಅನ್ನಲೂ ತೋಚಲಿಲ್ಲ.

"ಮಂದಿ ಎಲ್ಲೆ?" ಎಂದು ಆಯಿ ಕೇಳಿದರು.

"ಬರೋರಿದ್ದಾರ..."

"ಬೀಗತಿ ಎಲ್ಲೆ?"

"ಹುತ್ತಕ್ಕ ಹಾಲು ಎರೀಲಿಕ್ಕೆ ಹೋಗ್ಯಾಳ. ಚಿಮೀನ್ನ ಕರಕೊಂಡು."

ಆಯಿ ಅವನನ್ನು ದಾಟಿ ಒಳಗೆ ನಡೆದರು. ಅಡುಗೆಮನೆಯಲ್ಲಿ ಛಾಯಾ ಒಬ್ಬಳೇ ಗೋಡೆಗೆ ಆತು ಕುಳಿತಿದ್ದಳು. ಮೈಮೇಲೆ ಗುಲಾಬಿ ಹೂವಿನ ಸೀರೆ. ಅವಳ ಮುಂದೆ ನೆಲದ ಮೇಲೆ ಹೊಸ ಸ್ಟೋ, ಹಿತ್ತಾಳೆ ಫಳಫಳ ಹೊಳೆಯುತ್ತಿತ್ತು. ಕಡಾಯಿ ಇರಲಿಲ್ಲ. ಕಲಸಿದ ಹಿಟ್ಟು ಇರಲಿಲ್ಲ. ಲಟ್ಟಣಿಗೆ ಗೂಟಕ್ಕೆ ನೇತುಹಾಕಿದ್ದು ಹಾಗೇ ಇತ್ತು.

"ಪೂರಿ ಎಲ್ಲೆ ಛಾಯಾ?" ಎಂದರು ಆಯಿ.

"ಯಾವ ಪೂರಿ ಆಯಿ? ಇವತ್ತು ಯಾರು ಪೂರಿ ಮಾಡ್ತಾರ?" ಅವಳು ನಮ್ಮನ್ನು ಕಂಡು ನಂಬದವಳಂತೆ ಒಬ್ಬೊಬ್ಬರನ್ನೇ ನೋಡಿದಳು. "ಗ್ಯಾಸ್ ತೀರೇದಂತ. ಅತ್ತೆಬಾಯಿ ಬಂದು ಸ್ಟೋ ಹಚ್ಚೋದು ತೋರಿಸ್ತಾರಂತ. ಅಲ್ಲೀತನಾ ಇಲ್ಲೇ ಕೂಡು, ಏಳಬ್ಯಾಡಂತ ಇವರು ಹೇಳ್ಯಾರ."

ನನ್ನ ಗಂಡ ಸಿಲಿಂಡರ್ ಎತ್ತಲು ನೋಡಿದರು. ಎರಡು ಕೈ ಹಾಕಿದರೂ ಏಳಲಿಲ್ಲ, ಅಷ್ಟು ಭಾರ; ಗ್ಯಾಸ್ ತೀರಿರಲೇ ಇಲ್ಲ. ಆಮೇಲೆ ಬಗ್ಗಿ ಸ್ಟೋವನ್ನು ಅಲುಗಿಸಿದರು. ಕಂಠದವರೆಗೆ ತುಂಬಿತ್ತು, ಸೀಮೆಎಣ್ಣೆ ಅವರ ಹೊಸ ಅಂಗಿಯ ಮೇಲೆ ಚೆಲ್ಲಿತು.

"ನಡಿ," ಅಂದರು ಆಯಿ.

"ಚಿಮಿ?"

"ಅದನ್ನೂ ತಗೊಂಡೇ ಹೋಗೋದು."

ಸಿಂಧುಬಾಯಿ ಓಣಿಯ ತುದಿಯಲ್ಲೇ ಸಿಕ್ಕರು, ಒಂದು ಕೈಯಲ್ಲಿ ಪೂಜೆಯ ತಟ್ಟೆ, ಇನ್ನೊಂದರಲ್ಲಿ ಮೊಮ್ಮಗಳ ಕೈ. ಮಗು ಅಮ್ಮನನ್ನು ಕಂಡು ಓಡಿ ಬಂತು. ನಾನು ಎತ್ತಿಕೊಂಡು ಬಿಗಿಯಾಗಿ ಹಿಡಿದೆ. ಓಣಿಯ ಹೆಂಗಸರೆಲ್ಲ ತಟ್ಟೆ ಹಿಡಿದು ನಿಂತಿದ್ದರು.

"ಇದೇನ್ರಿ, ಹೇಳದ ಕೇಳದ?" ಎಂದರು ಸಿಂಧುಬಾಯಿ.

"ಪಂಚಮಿ ದಿನಾ ಸೊಸೀನ್ನ ಪೂರಿ ಕರೀಲಿಕ್ಕೆ ಕೂಡಿಸಿರಂತಲ್ಲ ಬೀಗತಿ," ಎಂದರು ಆಯಿ, ಎಲ್ಲರಿಗೂ ಕೇಳುವಂತೆ. "ಯಾವಾಗಿಂದ ಬಿಟ್ರಿ ನೇಮಾ?"

"ಪೂರಿ? ಯಾರ ಹೇಳಿದ್ರು?"

"ನಿಮ್ಮ ಮಗ. ಫೋನ್ ಮಾಡಿ ಹೇಳಿದ."

ಸಿಂಧುಬಾಯಿ ನಮ್ಮ ಹಿಂದೆ ಬಾಗಿಲಲ್ಲಿ ನಿಂತಿದ್ದ ಮಗನ ಕಡೆ ನೋಡಿದರು. ಮಾತಿಲ್ಲ, ಬರೀ ಆ ನೋಟ. ಕೆಲಸ ಕೆಡಿಸಿದ ಆಳನ್ನು ನೋಡುವ ನೋಟ. ಕೋರ್ಟಿನಲ್ಲಿ ನೋಟಕ್ಕೆ ಬೆಲೆಯಿಲ್ಲವೆಂದು ಆಮೇಲೆ ವಕೀಲರು ಹೇಳಿದರು. ಇರಲಿ, ನನಗೆ ಅಷ್ಟೇ ಸಾಕಾಗಿತ್ತು.

ಛಾಯಾ ಮನೆಗೆ ಬಂದ ದಿನವೇ ಆ ಸೀರೆ ಬಿಚ್ಚಿ ಹಿತ್ತಲ ಬಕೆಟ್ಟಿಗೆ ಹಾಕಿದಳು. ಡಾಕ್ಟರರ ಬಟ್ಟೆಯ ಬಕೆಟ್ಟಿಗೆ. ನನ್ನ ಹಳೆಯ ನೂಲಿನ ಸೀರೆ ಉಟ್ಟು ಎರಡು ದಿನ ಮಲಗಿದಳು. ಎದ್ದ ಮೇಲೂ ಅಡುಗೆಮನೆಗೆ ಬರುತ್ತಿರಲಿಲ್ಲ, ಬಂದರೂ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿರಲಿಲ್ಲ. ಆಯಿ ಏನೂ ಹೇಳದೆ ಬಡಿಗನನ್ನು ಕರೆಸಿ ಅಡುಗೆಮನೆಯ ಚಿಲಕ ತೆಗೆಸಿಬಿಟ್ಟರು. ನಮ್ಮ ಮಸಿ ಹಿಡಿದ ಹಳೆಯ ಸ್ಟೋವನ್ನು ಗುಜರಿಯವನಿಗೆ ಕೊಟ್ಟರು. ಗ್ಯಾಸ್ ತೀರಿದ ದಿನ ಅವಲಕ್ಕಿ ತಿಂದೆವು.

ಗೌರಿ ಹಬ್ಬದ ಹೊತ್ತಿಗೆ ನಂದಕುಮಾರ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದ. ಹೆಂಡತಿಯನ್ನು ಕಳಿಸಿ ಅಂತ. ಚಹಾ ಕೊಟ್ಟೆ. ಅವನು ಮುಟ್ಟಲಿಲ್ಲ.

"ನಾ ಮಾಡಿದ್ದೇನು ಹೇಳ್ರಿ ನೋಡೋಣು," ಎಂದ. "ಮನಿಗೆ ಸ್ಟೋ ತಂದೆ. ಹಬ್ಬಕ್ಕ ಸೀರಿ ಕೊಟ್ವಿ. ಫೋನಿನ್ಯಾಗ ಒಂದು ಮಾತು ತಪ್ಪಿತು. ಇಷ್ಟಕ್ಕ ಮನಿ ಮುರೀತಾರೇನು? ನೀವು ಡಾಕ್ಟರ್ ಇದ್ದೀರಿ, ಪುರಾವೆ ಅಂದ್ರೇನಂತ ನಿಮಗ ಗೊತ್ತದ. ಪುರಾವೆ ಎಲ್ಲದ ತೋರಸ್ರಿ."

ಹಿರಿಯರು ತಲೆಯಾಡಿಸಿದರು. ಛಾಯಾ ಬಾಗಿಲ ಮರೆಯಲ್ಲಿ ನನ್ನ ಕೈ ಹಿಡಿದು ನಿಂತಿದ್ದಳು. ಅಣ್ಣ ಏನನ್ನುತ್ತಾನೋ ಎಂದು ಅವಳಿಗೂ ಭಯ, ನನಗೂ ಭಯ. ಪುರಾವೆ ಅನ್ನುವುದು ಇವರದೇ ಮಾತು, ಇವರಿಗೇ ತಿರುಗಿ ಬಂದಿತ್ತು.

ಇವರು ಅವನು ಮುಟ್ಟದ ಚಹಾದ ಕಪ್ಪನ್ನು ಬದಿಗೆ ಸರಿಸಿದರು. ಆಮೇಲೆ ಹೇಳಿದರು: "ಪುರಾವೆ ನನ್ನ ಮೇಜಿನ ಮ್ಯಾಲೆ ಸಿಗ್ತದ ನಂದಕುಮಾರ. ಅಲ್ಲೆ ಮಲಗಿದ ಮ್ಯಾಲೆ ಸಿಗ್ತದ. ನನ್ನ ತಂಗೀನ್ನ ಅಲ್ಲಿಗೆ ನಾ ಕಳಸೂದಿಲ್ಲ. ನೀವು ಹೋಗಿ ಬರ್ರಿ."

ಅವರು ಹೋದರು. ಮುಂದೆ ಕೋರ್ಟು, ನೋಟಿಸು, ಊರ ಮಾತು ಎಲ್ಲ ಬಂದವು. ಅದೇನೂ ಮುಗಿದಿಲ್ಲ. ಈಗಲೂ ಟೆಲಿಫೋನು ಗಂಟೆ ಹೊಡೆದರೆ ಎತ್ತಲು ನಾನು ಹಿಂಜರಿಯುತ್ತೇನೆ.

ಒಂದು ದಿನ ಇವರು ಹಿತ್ತಲಲ್ಲಿ ಸ್ನಾನ ಮುಗಿಸಿ ಬಂದು ಎಲೆಯ ಮುಂದೆ ಕುಳಿತರು. ಛಾಯಾ ಅಂದು ಮೊದಲ ಸಲ ಜೋಳದ ಭಕ್ರಿ ತಟ್ಟುತ್ತಿದ್ದಳು, ಗ್ಯಾಸಿನ ಉರಿ ಸಣ್ಣದಾಗಿ ಇಟ್ಟುಕೊಂಡು. ಹೆಣದ ಮಾತು ಬೇಡವೆಂದು ಆಯಿ ಗದರುವ ಮೊದಲೇ ಇವರು ಶುರು ಮಾಡಿದರು, ಅನ್ನದ ಕಡೆ ನೋಡುತ್ತ.

"ಇವತ್ತು ಒಬ್ಬಾಕಿ ಬಂದಿದ್ಲು. ಭಡಕಾ ಅಂದ ಗಂಡ. ಏನೋ ಕರೀಲಿಕ್ಕೆ ಹತ್ತಿದ್ಲು, ಭಡಕಾ ಹೊಡೀತು ಅಂದ."

ಆಯಿ ಗದರಲಿಲ್ಲ.

"ಏನು ಕರೀಲಿಕ್ಕೆ ಹತ್ತಿದ್ಲು ಅಂತ ಕೇಳಿದೆ. ನನ್ನ ಮುಖ ನೋಡಿದ. ಮತ್ತ ಕೇಳಿದೆ. ಅವನಿಗೆ ಹೇಳಲಿಕ್ಕೆ ಬರಲಿಲ್ಲ." ಇವರು ತುತ್ತು ಕಲಸಿದರು, ಬಾಯಿಗೆ ಇಡಲಿಲ್ಲ. "ಇಷ್ಟು ವರ್ಷ ಆತು ಆಯಿ. ಎಷ್ಟು ಮಂದಿ ಬಂದು ಹೋದ್ರು. ಇದನ್ನ ನಾ ಯಾರಿಗೂ ಒಮ್ಮೆಯೂ ಕೇಳಿದ್ದಿಲ್ಲ."

ಛಾಯಾ ಭಕ್ರಿ ತಟ್ಟುವುದನ್ನು ನಿಲ್ಲಿಸಿ, ಕೈ ಚಾಚಿ ಗ್ಯಾಸ್ ಆರಿಸಿದಳು.